ಜಂಟಿ ಅಧಿವೇಶನ ಮತ್ತು ನಾಲ್ಕು ನಲವತ್ತರ ಬಸ್ಸು

ಹತ್ತನೆಯ ತರಗತಿಯ ಹೇಮಂತ ಮಾತು ನಿಲ್ಲಿಸುವ ಹಾಗೆ ಕಾಣಲಿಲ್ಲ. ಊಟದ ಬಿಡುವಿನ ಮಹಿಮೆ ಹೇಳಲು ಎದ್ದು ನಿಂತು ಆಗಲೇ ಹದಿನೆಂಟು ನಿಮಿಷವಾಗಿತ್ತು. ಅನ್ನ ಅರಗಲು ಎಷ್ಟು ಹೊತ್ತು ಬೇಕು, ಆಟವಿಲ್ಲದ ಮಕ್ಕಳ ಗತಿ ಏನು, ತನ್ನ ಅಜ್ಜ ಉಂಡಮೇಲೆ ಎಷ್ಟು ಹೆಜ್ಜೆ ಅಡ್ಡಾಡುತ್ತಿದ್ದ, ಒಂದನ್ನೂ ಬಿಡಲಿಲ್ಲ. ಮಾತಿಗೊಮ್ಮೆ ಗೋಡೆಯ ಗಡಿಯಾರ ಬೇರೆ ನೋಡುತ್ತಿದ್ದ. ನಾಲ್ಕೂವರೆ. ಬಸರಿಕೊಪ್ಪದ ಕೊನೆಯ ಬಸ್ಸು ನಾಲ್ಕು ನಲವತ್ತಕ್ಕೆ ಶಾಲೆಯ ಗೇಟಿಗೆ ಬರುತ್ತದೆ. ಅವನ ಹಂಚಿಕೆ ಹೊಳೆದದ್ದೇ ತಡ, ಸುನಿತಾ ಬೆಂಚಿನ ತುದಿಗೆ ಸರಿದು ಕೂತಳು.

ಕಲಘಟಗಿಯ ಆ ಪ್ರೌಢಶಾಲೆಯಲ್ಲಿ ಈ ವಾರ ಒಂಬತ್ತನೆಯ ತರಗತಿ ಲೋಕಸಭೆ, ಹತ್ತನೆಯದು ರಾಜ್ಯಸಭೆ, ಹೆಡ್‌ಮಾಸ್ತರ್ ಈರಪ್ಪನವರೇ ರಾಷ್ಟ್ರಪತಿ. "ಎರಡೂ ಸಭೆ ಪಾಸು ಮಾಡಿದ ಮಸೂದೆಗೆ ನಾ ಸಹಿ ಹಾಕ್ತೀನಿ. ಹಾಕಿದ ಮ್ಯಾಲ ಅದು ಖರೇನ ಜಾರಿ ಆಗತೈತಿ" ಎಂದು ಮಾತು ಕೊಟ್ಟುಬಿಟ್ಟಿದ್ದರು. ಮಕ್ಕಳು ಹೆಚ್ಚೆಂದರೆ ಒಂದು ಟ್ರಿಪ್ ಕೇಳಬಹುದು ಎಂದುಕೊಂಡಿದ್ದರೇನೋ. ಒಂಬತ್ತನೆಯ ತರಗತಿಯ ಸುನಿತಾ ಶಾಲೆಯ ಗಂಟೆಗೇ ಕೈಹಾಕಿದಳು. ಬಸರಿಕೊಪ್ಪದ ಬೆಳಗಿನ ಬಸ್ಸು ಬರುವುದು ಗಂಟೆ ಬಾರಿಸಿದ ಹತ್ತು ನಿಮಿಷಕ್ಕೆ. ಅಷ್ಟರಲ್ಲಿ ಗಣಿತದ ತರಗತಿಯ ಬಾಗಿಲು ಹಾಕಿರುತ್ತದೆ. ಸುನಿತಾಳೂ ಸೇರಿ ಆ ಊರಿನ ಹದಿನಾಲ್ಕು ಮಕ್ಕಳು ದಿನಾ ಪಡಸಾಲೆಯಲ್ಲಿ ನಿಂತು ಗಣಿತ ಕೇಳಬೇಕು, ಅದೂ ಕೇಳಿಸಿದಷ್ಟು. ಹಾಗಾಗಿ ಸುನಿತಾಳ ಮಸೂದೆ: ಬೆಳಗಿನ ಗಂಟೆ ಇಪ್ಪತ್ತು ನಿಮಿಷ ತಡವಾಗಲಿ, ಆ ಇಪ್ಪತ್ತನ್ನು ಒಂದು ತಾಸಿನ ಊಟದ ಬಿಡುವಿನಲ್ಲಿ ಕಡಿಯಲಿ.

ಲೋಕಸಭೆಯಲ್ಲಿ ಅದು ಗದ್ದಲದ ನಡುವೆ ಪಾಸಾಯಿತು. ರಾಜ್ಯಸಭೆಯಿಂದ ಬಾಲ ಹಚ್ಚಿಕೊಂಡು ವಾಪಸು ಬಂತು: ಊಟದ ಬಿಡುವು ಮುಟ್ಟಕೂಡದು, ಬೇಕಾದರೆ ಸಂಜೆಯ ಗಂಟೆಯೂ ಇಪ್ಪತ್ತು ನಿಮಿಷ ತಡವಾಗಲಿ. ಬೆಳಿಗ್ಗೆ ಕೊಟ್ಟದ್ದನ್ನು ಸಂಜೆ ಕಿತ್ತುಕೊಳ್ಳುವ ತಿದ್ದುಪಡಿ! ಹಾಗಾದರೆ ದಿನಾ ಮನೆಗೆ ಹೋಗುವ ಬಸ್ಸೇ ತಪ್ಪುತ್ತದೆ. ಲೋಕಸಭೆ ಒಪ್ಪಲಿಲ್ಲ, ರಾಜ್ಯಸಭೆ ಹಟ ಬಿಡಲಿಲ್ಲ. ಕೊನೆಗೆ ರಾಷ್ಟ್ರಪತಿಗಳು ಎರಡೂ ಸಭೆಗಳನ್ನು ಒಂದೇ ಕೋಣೆಯಲ್ಲಿ ತುಂಬಿ ಜಂಟಿ ಅಧಿವೇಶನ ಕರೆದರು. ಐದಕ್ಕೆ ಎಲ್ಲ ಮುಗಿಯಬೇಕು. ಅಷ್ಟರೊಳಗೆ ಪಾಸಾಗದ ಮಸೂದೆ ಸತ್ತಂತೆ. ಹದಿನಾಲ್ಕು ಜನ ಎದ್ದು ಹೋದರೆ ಅದು ಪಾಸಾಗುವ ಮಾತೇ ಇರಲಿಲ್ಲ.

"ಸ್ಪೀಕರ್ ಅವರ, ಇವರು ಬೇಕಂತ ಹೊತ್ತು ಕಳ್ಯಾಕತ್ತಾರ್ರಿ!" ಸುನಿತಾ ಎದ್ದು ಕೂಗಿದಳು.

"ಅರ್ಧ ತಾಸು ಮಾತಾಡೂದು ಅವರ ಹಕ್ಕೈತಿ. ನೀವು ಕೂಡ್ರಿ" ಎಂದು ಸ್ಪೀಕರ್ ರೂಬಿನಾ ಮೇಜು ಕುಟ್ಟಿದಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುವ ಗೆಳತಿಯರು. ಆದರೆ ಆ ಕುರ್ಚಿಯಲ್ಲಿ ಕೂತಮೇಲೆ ರೂಬಿನಾ ಯಾರ ಗೆಳತಿಯೂ ಅಲ್ಲ.

ಗೇಟಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಹೇಮಂತ ನಾಟಕದವರಂತೆ ಕೈಜೋಡಿಸಿದ. "ಬಸರಿಕೊಪ್ಪದ ಮಾನ್ಯ ಸದಸ್ಯರಿಗೆ ಬಸ್ ಬಂದೈತ್ರಿ. ಆರಾಮ ಹೋಗಿ ಬರ್ರಿ. ನಾವೇನ್ ತಪ್ಪ ತಿಳ್ಕೊಳಂಗಿಲ್ಲ." ಹತ್ತನೆಯ ತರಗತಿಯವರು ಬೆಂಚು ಬಡಿಬಡಿದು ನಕ್ಕರು.

ಹದಿಮೂರು ಮುಖಗಳು ಸುನಿತಾಳತ್ತ ತಿರುಗಿದವು. ಕೆಲವರು ಚೀಲ ಹೆಗಲಿಗೇರಿಸಿಯೂ ಆಗಿತ್ತು. ಊರು ಹನ್ನೊಂದು ಕಿಲೋಮೀಟರ್, ನಡುವೆ ಅಡವಿ. ಅವಳಿಗೂ ಹೆದರಿಕೆ ಇತ್ತು, ಅದಕ್ಕಿಂತ ಸಿಟ್ಟು ಹೆಚ್ಚಿತ್ತು. ತನ್ನ ಚೀಲವನ್ನು ಬೆಂಚಿನ ಕೆಳಗೆ ಕಾಲಿನಿಂದ ತಳ್ಳಿದಳು.

"ಯಾರೂ ಏಳಬ್ಯಾಡ್ರಿ. ಇವತ್ತೊಂದ ದಿನ ಬಸ್ ಹೋದ್ರ ಹೋಗ್ಲಿ. ಎದ್ದು ಹೋದ್ವಿ ಅಂದ್ರ ನಾಳೆ ಮತ್ತ ಪಡಸಾಲ್ಯಾಗ ನಿಲ್ಲೂದ."

ಚೀಲಗಳು ಒಂದೊಂದಾಗಿ ಕೆಳಗಿಳಿದವು. ಹೊರಗೆ ಹಾರ್ನು ಮತ್ತೆರಡು ಸಲ ಕೂಗಿತು. ಆಮೇಲೆ ಗೇರು ಬಿದ್ದ ಸದ್ದು, ಬಸ್ಸು ಹೋದ ಸದ್ದು. ಬಾಗಿಲಲ್ಲಿ ನಿಂತಿದ್ದ ಈರಪ್ಪನವರು ಗಡಬಡಿಸಿ ಫೋನು ತೆಗೆದು ಅಂಗಳಕ್ಕೆ ಓಡಿದರು. ಹೇಮಂತನಿಗೆ ಇನ್ನೂ ಎರಡು ನಿಮಿಷ ಉಳಿದಿತ್ತು. ಆದರೂ ಕೂತುಬಿಟ್ಟ.

"ಮಸೂದೆ ಇದ್ದಂಗ ಪಾಸಾಗಲಿ ಅನ್ನೋರು ಕೈ ಎತ್ರಿ" ಎಂದಳು ರೂಬಿನಾ. ಒಮ್ಮೆ ಎಣಿಸಿದಳು. ತನ್ನ ಮೇಲೇ ನಂಬಿಕೆ ಸಾಲದೆ ಇನ್ನೊಮ್ಮೆ ಎಣಿಸಿದಳು. "ಪರ ಮೂವತ್ತೊಂಬತ್ತು. ವಿರೋಧ ಮೂವತ್ತಾರು. ಮಸೂದೆ..." ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಹಂಚು ಹಾರಿಹೋಗುವಂಥ ಕೂಗು ಎದ್ದಿತ್ತು. ಸ್ಪೀಕರ್ ಕುರ್ಚಿಯಿಂದ ಜಿಗಿದು ಬಂದು ಸುನಿತಾಳನ್ನು ತಬ್ಬಿಕೊಂಡಳು. ಸುನಿತಾ ನಗುತ್ತಲೇ ಅಳುತ್ತಿದ್ದಳು. ಅಂಗಳದಿಂದ ವಾಪಸು ಬಂದ ರಾಷ್ಟ್ರಪತಿಗಳು ಹಸಿರು ಶಾಯಿಯ ಪೆನ್ನು ತೆಗೆದು, ಅಲ್ಲೇ ನಿಂತು ಸಹಿ ಹಾಕಿದರು.

ಆರು ಗಂಟೆಯ ಒಳಗೆ ಸುನಿತಾಳ ಅಪ್ಪ ಲಕ್ಷ್ಮಣಪ್ಪನ ಟ್ರ್ಯಾಕ್ಟರು ಟ್ರೇಲರಿನ ಸಮೇತ ಗೇಟಿಗೆ ಬಂತು. ಫೋನು ಬಂದಾಗ ಗದ್ದೆಯಲ್ಲಿದ್ದವನು ಕೆಸರುಗಾಲಲ್ಲೇ ಹೊರಟಿದ್ದ. ಮಗಳ ಮುಖ ಕಂಡದ್ದೇ ಅವನ ಸಿಟ್ಟು ನೆತ್ತಿಗೇರಿತು.

"ಬಸ್ ಗೇಟಿನ್ಯಾಗ ನಿಂತಿತ್ತಂತ! ಹದಿನಾಲ್ಕು ಮಂದಿ ಒಳಗ ಕುಂತು ಏನ್ ಮಾಡಾಕತ್ತಿದ್ರಿ ಲೇ?"

ಸುನಿತಾ ಚೀಲವನ್ನು ಟ್ರೇಲರಿಗೆ ಎಸೆದು ತಾನೂ ಹತ್ತಿದಳು.

"ಕಾಯ್ದೆ ಮಾಡಾಕತ್ತಿದ್ವಿ ಯಪ್ಪಾ. ನಾಳಿಂದ ನಾವು ಬರೂತನಕ ಸಾಲಿ ಗಂಟಿ ಬಾರಿಸಂಗಿಲ್ಲ."