ಲವೀನಿಯಾಳ ವಿಶ್ರಾಂತಿ

"ಲವೀನಿಯಾ ವಿಶ್ರಾಂತಿಯಲ್ಲಿದ್ದಾಳೆ, ಮಿಸೆಸ್ ಬರೇಜ್," ಎಂದ ಪ್ರೆಸ್ಟನ್. "ಇನ್ನು ಐದು ವರ್ಷ ಅವಳನ್ನ ಗೋಡೆಗೆ ಹಾಕೋ ಹಾಗಿಲ್ಲ."

"ವಿಶ್ರಾಂತಿಯೇ? ಅವಳೇನು ಸಮುದ್ರಕ್ಕೆ ಹೋಗಿ ಮೀನಿನ ಬಲೆ ಎಳೆದು ದಣಿದಿದ್ದಾಳಾ?" ಥೆಲ್ಮಾ ಬರೇಜ್ ಊರುಗೋಲನ್ನು ಮ್ಯೂಸಿಯಮ್ಮಿನ ನೆಲಕ್ಕೆ ಕುಟ್ಟಿದರು.

ಲವೀನಿಯಾ ಎಂದರೆ ಥೆಲ್ಮಾರ ಮುತ್ತಜ್ಜಿಯ ತಾಯಿ. ಅವಳು ಏಳು ವರ್ಷದವಳಿದ್ದಾಗ, ಊರೂರು ಅಲೆಯುತ್ತಿದ್ದ ಚಿತ್ರಗಾರನೊಬ್ಬ ಅವಳ ಮನೆಯಲ್ಲಿ ವಾರವಿಡೀ ಉಂಡು ಮಲಗಿ, ಆ ಋಣಕ್ಕೆ ಅವಳನ್ನು ಕಾಗದದ ಮೇಲೆ ನೀರುಬಣ್ಣದಲ್ಲಿ ಬರೆದುಕೊಟ್ಟಿದ್ದ. ಕೆಂಪು ಫ್ರಾಕು, ಮಡಿಲಲ್ಲಿ ಸಿಡುಕು ಮೋರೆಯ ಬೆಕ್ಕು. ಮೂಗು ಸ್ವಲ್ಪ ಸೊಟ್ಟ. ಆದರೆ ಅದೇ ಸೊಟ್ಟ ಮೂಗು ಥೆಲ್ಮಾರ ಮುಖದಲ್ಲೂ ಇದ್ದುದರಿಂದ ತಪ್ಪು ಅವನದೆನ್ನುವಂತಿರಲಿಲ್ಲ. ಊರವರೆಲ್ಲ ನೋಡಲಿ ಎಂದು ಥೆಲ್ಮಾ ಚಿತ್ರವನ್ನು ಮ್ಯೂಸಿಯಮ್ಮಿಗೆ ದಾನ ಮಾಡಿದರು. ಊರವರು ಮೂರು ತಿಂಗಳು ನೋಡಿದರು. ಆ ಮೂರು ತಿಂಗಳೂ ಥೆಲ್ಮಾ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು.

"ಕಾಗದಕ್ಕೆ ಬೆಳಕು ವಿಷ ಇದ್ದ ಹಾಗೆ," ಪ್ರೆಸ್ಟನ್ ತಾಳ್ಮೆಯಿಂದ ಹೇಳಿದ. ಹಳೆಯ ಚಿತ್ರಗಳೆಲ್ಲ ಅವನ ಸುಪರ್ದಿನಲ್ಲಿದ್ದವು. "ಮೂರು ತಿಂಗಳು ಹೊರಗಿದ್ರೆ ಐದು ವರ್ಷ ಕತ್ತಲಲ್ಲಿ ಇಡಬೇಕು. ಅದು ನಿಯಮ."

"ನಮ್ಮನೇಲಿ ಅಡುಗೆಮನೆ ಕಿಟಕಿ ಎದುರಿಗೇ ಇದ್ದಳಪ್ಪ! ದಿನಾ ಬೆಳಗ್ಗೆ ಅವಳ ಮುಖ ನೋಡ್ಕೊಂಡೇ ನಾನು ಕಾಫಿ ಕುಡೀತಿದ್ದದ್ದು."

"ಅದಕ್ಕೇ ಫ್ರಾಕಿನ ಕೆಂಪು ಹೋಗಿರೋದು," ಎಂದುಬಿಟ್ಟ ಪ್ರೆಸ್ಟನ್. ಆಮೇಲೆ ನಾಲಿಗೆ ಕಚ್ಚಿಕೊಂಡ.

ಥೆಲ್ಮಾ ಎರಡೂ ಕೈಗಳನ್ನು ಊರುಗೋಲಿನ ಮೇಲೆ ಊರಿದರು. "ನನ್ನ ಕಣ್ಣು ಹೋಗ್ತಾ ಇದೆ, ಮಗು. ಕ್ರಿಸ್‌ಮಸ್ ಹೊತ್ತಿಗೆ ಎಲ್ಲಾ ಮಸುಕಾಗುತ್ತೆ ಅಂದ್ರು ಡಾಕ್ಟರು. ಅಷ್ಟರೊಳಗೆ ಒಂದೇ ಒಂದು ಸಲ ನೋಡ್ಬೇಕು. ಬೇರೇನೂ ಕೇಳಲ್ಲ."

ಪ್ರೆಸ್ಟನ್‌ಗೆ ಅವರನ್ನು ಸಮಾಧಾನ ಮಾಡಬೇಕೆನಿಸಿತು. ಮಾತು ತೋಚದಿದ್ದಾಗ ಮನುಷ್ಯ ಹೇಳಬಾರದ್ದನ್ನೇ ಹೇಳುತ್ತಾನೆ. "ನಮ್ಮ ಮ್ಯೂಸಿಯಮ್ ಅಂಗಡೀಲಿ ಅವಳ ಚಿತ್ರದ ಟವೆಲ್ ಇದೆ, ಪಾತ್ರೆ ಒರೆಸೋದು. ದಾನಿಗಳಿಗೆ ರಿಯಾಯಿತಿನೂ ಕೊಡ್ತೀವಿ."

"ಮುತ್ತಜ್ಜಿ ತಾಯಿ ಮುಖದಲ್ಲಿ ನಾನು ತಟ್ಟೆ ಒರೆಸಬೇಕಾ? ನಾಚಿಕೆ ಆಗಲ್ವೇನೋ ನಿಂಗೆ?"

ನಾಚಿಕೆ ಆಯಿತು. ಆದ್ದರಿಂದಲೇ ಅವನು ನಿಯಮ ಮುರಿದು ಅವರನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಕರೆದೊಯ್ದ. ಚಿತ್ರವಿದ್ದ ಪೆಟ್ಟಿಗೆ ತೆರೆದು, ಮೇಲಿನ ತೆಳು ಹಾಳೆಯನ್ನು ಎತ್ತಿ, ಮಂದ ದೀಪವೊಂದನ್ನು ಹಚ್ಚಿದ. ಥೆಲ್ಮಾ ಮೂಗು ತಾಗುವಷ್ಟು ಬಾಗಿದರು.

"ದೀಪ ಜಾಸ್ತಿ ಮಾಡಪ್ಪ."

"ಇದಕ್ಕಿಂತ ಜಾಸ್ತಿ ಮಾಡಿದ್ರೆ ಅವಳಿಗೆ ಕೆಟ್ಟದು, ಮಿಸೆಸ್ ಬರೇಜ್."

"ಇಷ್ಟರಲ್ಲಿ ನನಗೆ ಬರೀ ಖಾಲಿ ಹಾಳೆ ಕಾಣ್ತಿದೆ."

ಗೋಡೆಯ ಮೇಲೆ ದೊಡ್ಡ ದೀಪದ ಸ್ವಿಚ್ ಇತ್ತು. ಪ್ರೆಸ್ಟನ್ ಅದನ್ನೇ ನೋಡಿದ. ಅವನ ಕೈ ಅಲ್ಲಿಯವರೆಗೂ ಹೋಯಿತು. ಥೆಲ್ಮಾ ಊರುಗೋಲಿನಿಂದ ಆ ಕೈಯನ್ನು ಮೆಲ್ಲಗೆ ತಡೆದರು.

"ಬೇಡ ಬಿಡು. ಇಷ್ಟು ವರ್ಷ ಕಾಫಿ ಜೊತೆ ಅವಳ ಕೆಂಪನ್ನೂ ನಾನೇ ಕುಡಿದಿದ್ದೀನಲ್ಲ, ಸಾಕು. ಮುಚ್ಚು. ಮಲಗಲಿ ಪಾಪ."

ಹೊರಡುವಾಗ ಪ್ರೆಸ್ಟನ್ ಅಂಗಡಿಯಿಂದ ಒಂದು ಟವೆಲನ್ನು ತಂದು ಅವರ ಕೈಚೀಲಕ್ಕೆ ಸೇರಿಸಿದ. ಈ ಸಲ ಅವರು ಬೈಯಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅಕ್ಟೋಬರಿನ ಬಿಸಿಲು ಸುರಿಯುತ್ತಿತ್ತು. ಥೆಲ್ಮಾ ಟವೆಲನ್ನು ಬಿಡಿಸಿ ಕಣ್ಣಿನ ಹತ್ತಿರ ಹಿಡಿದರು. ಸೊಟ್ಟ ಮೂಗು ಕಂಡಿತು. ಬೆಕ್ಕಿನ ಸಿಡುಕೂ ಕಂಡಿತು. ಅಚ್ಚು ಹಾಕಿದವರು ಹಳೆಯ ಬಣ್ಣವನ್ನು ಊಹಿಸಿ ಫ್ರಾಕನ್ನು ಕೆಂಡದಂತೆ ಕೆಂಪಾಗಿಸಿದ್ದರು. ಅಂಥ ಕೆಂಪನ್ನು ಅವರು ಹುಟ್ಟಿದಂದಿನಿಂದ ಆ ಚಿತ್ರದಲ್ಲಿ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಕೋಟಿನ ಜೇಬಿನಲ್ಲಿ ಕರ್ಚೀಫು ಹುಡುಕಿದರು, ಸಿಗಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಲವೀನಿಯಾಳಿಂದಲೇ ಕಣ್ಣೊರೆಸಿಕೊಂಡರು.

ಬಣ್ಣ ಒಂಚೂರೂ ಬಿಡಲಿಲ್ಲ.