ದುರಗಪ್ಪನ ಹೊಸ ದೋಣಿ

ಮೂರನೆಯ ಮೀನೂ ಹೊಟ್ಟೆ ಮೇಲಾಗಿ ತೇಲಿತು. ಹಳೆಯ ಕಲ್ಲಿನ ದೋಣಿ, ಅದೇ ನೀರಿನ ತೊಟ್ಟಿ, ಸೀಳಿತೆಂದು ಬಾದಾಮಿಯ ಅಹ್ಮದಸಾಬ ಮೀನಿಗಾಗಿ ಮಾಡಿಸಿಕೊಂಡ ಹೊಸ ದೋಣಿ ಅದು. ಕಲ್ಲುಕುಟಿಗ ದುರಗಪ್ಪ ಅದನ್ನು ತಿಂಗಳಿಡೀ ಉಜ್ಜಿ ನುಣುಪು ಮಾಡಿ, ಬೇಕಾದರೆ ಮುಖ ನೋಡಿಕೊಳ್ಳಿರೆಂದು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದ.

"ನಿನ್ನ ಕಲ್ಲಿನ್ಯಾಗ ವಿಷ ಐತಿ ದುರಗಪ್ಪ," ಅಂದ ಅಹ್ಮದಸಾಬ. "ಸೀಳಿದ ದೋಣ್ಯಾಗ ಗೇಣು ನೀರ ಉಳದೈತಿ. ಅದರಾಗಿನವು ಹೆಂಗ ಆಡತಾವ ನೋಡು. ಇದರಾಗ ಬಿಟ್ಟಾವು ಒಂದ ವಾರ ಬಾಳಲಿಲ್ಲ."

ಇಂಥದೇ ದೋಣಿ ಬೇಕೆಂದು ರೈಲ್ವೆ ಠೇಸನ್ ಮಾಸ್ತರರು ದುರಗಪ್ಪನಿಗೆ ಹೇಳಿಕಳಿಸಿದ್ದರು. ವಿಷದ ಸುದ್ದಿ ಅವರ ಕಿವಿಗೆ ಬಿದ್ದರೆ ಅವನ ಕಲ್ಲನ್ನು ಇನ್ನಾರೂ ಮೂಸಿ ನೋಡರು. ಒಂದೊಂದು ಮೀನು ಸತ್ತಾಗಲೂ ತಾನೇ ಬಂದು, ಬೂದಿ ಹಾಕಿ ತಿಕ್ಕಿ, ಹೊಸ ನೀರು ತುಂಬಿ ಹೋಗಿದ್ದ. ಇನ್ನೇನು ಮಾಡಬೇಕು? ಆ ನೀರನ್ನೇ ಒಂದು ತಂಬಿಗೆ ಮೊಗೆದು ಗಟಗಟ ಕುಡಿದುಬಿಟ್ಟ.

"ನೋಡ್ರಿ ಸಾಬ್ರ! ನಾ ಸತ್ನೇನ್ರಿ?"

ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಸಾಬನ ತಾಯಿ ಬಿಬಿಜಾನ ಕಿಸಕ್ಕನೆ ನಕ್ಕಳು. "ನೀ ಕುಡದು ನಿಮ್ಮ ಮನಿಗೆ ಹೋಗ್ತಿ. ಮೀನ ಅದರಾಗ ಉಣಬೇಕು, ಅದರಾಗ ಹೇಲಬೇಕು. ಆ ಹೊಲಸ ತಿನ್ನಾವ್ರ ಯಾರದಾರ ನಿನ್ನ ದೋಣ್ಯಾಗ? ಹಳೇದರ ತಳದ ಹರಳಕಲ್ಲಿಗೆ ಲೋಳಿ ಹಿಡದೈತಿ ನೋಡು, ಹೊಲಸ ಅದ ತಿಂತೈತಿ. ಹದಿನೈದ ವರ್ಷ ಆತು, ನೀರ ಸ್ವಲ್ಪ ಸ್ವಲ್ಪ ಬದಲಿ ಮಾಡೇನಿ, ತಿಕ್ಕಿಲ್ಲ."

ದುರಗಪ್ಪ ಹಳೆಯ ದೋಣಿಗೆ ಬಗ್ಗಿ ಮೂಸಿದ. ಪಾಚಿಗಟ್ಟಿದ ನೀರು, ನಾತವೇ ಇಲ್ಲ! ತಾನು ಈಗಷ್ಟೇ ಕುಡಿದ ತಿಳಿನೀರೇ ಮೂಗಿಗೆ ಘಾಟು ಹೊಡೆದಿತ್ತು. ಇಪ್ಪತ್ತು ವರ್ಷ ಕಲ್ಲು ಕಡಿದವನು ನೀರನ್ನು ಹೀಗೆ ಎಂದೂ ನೋಡಿರಲಿಲ್ಲ. ಹೊಸ ದೋಣಿಯ ನೀರು ಬದಲಿಸಿ, ಒಲ್ಲದ ಮನಸ್ಸಿನಿಂದ ಹಳೆಯದರ ಅರ್ಧದಷ್ಟು ಲೋಳೆ ಹರಳನ್ನು ತನ್ನ ನುಣುಪು ದೋಣಿಗೆ ಸುರಿದ.

"ಒಂದ ಮೀನ ಬಿಡು. ಚಿಟಿಕಿ ಹಿಟ್ಟ ಹಾಕು. ಕೈ ಹಚ್ಚಬ್ಯಾಡ," ಅಂದಳು ಬಿಬಿಜಾನ.

ದಿನಾ ಬಂದು ನೋಡಿದ. ಕೈ ತಾನಾಗಿ ತಿಕ್ಕಲು ಹೋಗುತ್ತದೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದ. ತಿಂಗಳಲ್ಲಿ ದೋಣಿಯ ಹೊಳಪೆಲ್ಲ ಹಸಿರಾಯಿತು. ಮೀನು ಮಾತ್ರ ಸುತ್ತುತ್ತಲೇ ಇತ್ತು.

ಠೇಸನ್ ಮಾಸ್ತರರು ಬಂದು ನೋಡಿ ಮೂಗು ಮುರಿದರು. "ನನಗ ಹೊಚ್ಚ ಹೊಸಾದು ಬೇಕಪಾ. ಕನ್ನಡಿಹಂಗ ಹೊಳೀಬೇಕು."

"ಹೊಳಿಯೂದು ನಾಳೇನ ಕೊಡ್ತೇನ್ರಿ," ಅಂದ ದುರಗಪ್ಪ. "ಮೀನ ಬದುಕಬೇಕಂದ್ರ ಒಂದ ತಿಂಗಳ ತಡೀರಿ. ಹೊಲಸ ಮಾಡಿ ಕೊಡ್ತೇನಿ."