ಆರನೆಯ ಕೆಂಪು ದಾರ

ಎಂಜಿನಿಯರ್ ಕರ್ಸ್ಟನ್ ಟ್ರಾನ್ಸ್‌ಫಾರ್ಮರಿನ ತಂತಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಹಿತ್ತಾಳೆ ಪಟ್ಟಿಯೊಂದರ ಮೇಲೆ ಕೆಂಪು ಉಲ್ಲನ್ ದಾರದ ಗಂಟು. ಪಕ್ಕದಲ್ಲಿ ನಿಂತಿದ್ದ ಮುದುಕ ಮರ್ವಿನ್ ಬಗ್ಗಿ ನೋಡಿದ.

ಟಾಸ್ಮೇನಿಯಾದ ಈ ಬೆಟ್ಟದ ವಿದ್ಯುತ್ ಸ್ವಿಚ್‌ಯಾರ್ಡಿನಲ್ಲಿ ಅವನು ದುಡಿದದ್ದು ಮೂವತ್ತೊಂದು ವರ್ಷ. ಇವತ್ತು ಲೈನ್ ಬಂದ್ ಮಾಡಿ, ಲೈನಿನ ಕರೆಂಟ್ ಅಳೆಯುವ, ಎಣ್ಣೆ ತುಂಬಿದ ಹಳೆಯ ಕರೆಂಟ್ ಟ್ರಾನ್ಸ್‌ಫಾರ್ಮರುಗಳನ್ನು ಕಳಚುವವರಿದ್ದರು. ನಿವೃತ್ತನಾಗಿದ್ದ ಅವನು ಕಡೆಯ ಸಲ ನೋಡಿ ಹೋಗೋಣವೆಂದು, ಹಳೆಯ ಊಟದ ಡಬ್ಬಿ ಹಿಡಿದು ಬಂದಿದ್ದ.

"ಯಜಮಾನ್ರೇ, ಇದು ನಿಮ್ದೇ ಗಂಟಲ್ವಾ?" ಎಂಜಿನಿಯರಮ್ಮ ನಕ್ಕಳು. "ಪಟ್ಟಿ ತೆಗೆಯೋದು ಮರ್ತು ಮನೆಗೆ ಹೋದ್ರಾ?"

ನಗುವ ಮಾತೇ ಅದು? ರಿಲೇಯೆಂದರೆ ಲೈನಿನ ಕಾವಲುಗಾರ, ದೋಷ ಕಂಡೊಡನೆ ಕರೆಂಟ್ ಕಡಿಯುವುದು. ಅದನ್ನು ಪರೀಕ್ಷಿಸುವಾಗ ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಪಟ್ಟಿಯಿಂದ ಕೂಡಿಸಲೇಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಕೆಲಸ ಮುಗಿದ ಮೇಲೆ ತೆಗೆಯಲೇಬೇಕು, ಮರೆತರೆ ಕಾವಲುಗಾರ ಕುರುಡ. ಅದಕ್ಕೇ ಹೆಂಡತಿ ನೊರೀನ್ ಪಟ್ಟಿಗೆ ಕಟ್ಟಲೆಂದು ಆರು ಕೆಂಪು ದಾರ ಊಟದ ಡಬ್ಬಿಯಲ್ಲಿ ಇಡುತ್ತಿದ್ದಳು. ಸಂಜೆ ಬೂಟು ಬಿಚ್ಚುವ ಮೊದಲೇ ಡಬ್ಬಿ ಕಸಿದು ಎಣಿಸುತ್ತಿದ್ದಳು. ಒಂದು ಕಡಿಮೆಯಾದರೂ ಊಟವಿಲ್ಲ, ವಾಪಸ್ ನಡೆ! ಅವಳು ತೀರಿಕೊಂಡು ಎರಡು ಚಳಿಗಾಲವಾಗಿತ್ತು.

ಅಯ್ಯೋ ದೇವರೇ, ಇಷ್ಟು ವರ್ಷ ಈ ಲೈನು ಕಾವಲಿಲ್ಲದೆ ಇತ್ತೇ? ಕೆಳಗಿನ ಊರು, ಆಸ್ಪತ್ರೆ... "ಮೂರು ಕೋರ್ ಸುರುಳಿಗಳಲ್ಲಿ ಅದು ಯಾವುದು? ಚೀಟಿ ಓದಮ್ಮ" ಎಂದ.

"ಒಂದ್ನೇದು ಮೀಟರಿಗೆ, ಎರಡ್ನೇದು ರಿಲೇಗೆ. ಇದು ಮೂರ್ನೇದು, ಯಾವ್ದಕ್ಕೂ ಹೋಗಿಲ್ಲ, ಸ್ಪೇರು." ಕರ್ಸ್ಟನ್ ನಾಲಿಗೆ ಕಚ್ಚಿಕೊಂಡಳು. "ಬಳಸದೇ ಇರೋದಕ್ಕೆ ಪಟ್ಟಿ ಯಾವಾಗ್ಲೂ ಇರ್ಲೇಬೇಕು, ಇಲ್ದಿದ್ರೆ ಸಿಡಿಯುತ್ತೆ! ತಪ್ಪಾಯ್ತು ಮರ್ವ್, ಸುಮ್ನೆ ಹೆದರಿಸ್ಬಿಟ್ಟೆ."

ಮರ್ವಿನ್ ಕಟ್ಟೆಯ ಮೇಲೆ ಕೂತ. ಈಗ ಎಲ್ಲ ನೆನಪಾಯಿತು. ಆ ಸಂಜೆ ನೊರೀನ್ ಸೌಟು ಹಿಡಿದು ಬಾಗಿಲಿಗೇ ಅಡ್ಡ ನಿಂತಿದ್ದಳು.

"ಐದೇ ಇದೆಯಲ್ಲೋ!"

"ಒಂದು ಅಲ್ಲೇ ಇರ್ಬೇಕು ಕಣೇ, ಲೈನಲ್ಲಿ ಕರೆಂಟ್ ಇರೋ ತನಕ."

"ಬುರುಡೆ ಬಿಡ್ಬೇಡ. ಒಂದಿನ ತಂದು ತೋರ್ಸು, ಆಗ ನಂಬ್ತೀನಿ."

ಕರ್ಸ್ಟನ್ ಗಂಟು ಬಿಚ್ಚಿ ದಾರವನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಖಾಲಿ ಡಬ್ಬಿಯೊಳಗೆ ಹಾಕಿಕೊಂಡ.

ಸಂಜೆ ಅವನು ನೇರ ಮನೆಗೆ ಹೋಗಲಿಲ್ಲ. ಚರ್ಚಿನ ಹಿಂದೆ, ಅವಳ ಹೆಸರು ಕೆತ್ತಿದ ಕಲ್ಲಿನ ಮುಂದೆ, ಬೂಟು ಬಿಚ್ಚದೆ ನಿಂತು ಡಬ್ಬಿ ತೆರೆದ.

"ಎಣಿಸ್ಕೋ ಕಣೇ. ಆರನೇದೂ ಬಂತು."